ಹಸಿರಿಗೆ ಎರಡು ಮುಳುಗು

ಆರನೇ ಕ್ಲಾಸಿನಲ್ಲಿ ಮೂರು ಅಂಕದ ಪ್ರಶ್ನೆ:
ಬಾವುಟದ ಬಣ್ಣಗಳು ಏನನ್ನು ಸೂಚಿಸುತ್ತವೆ?
ಕೇಸರಿ ತ್ಯಾಗ, ಬಿಳಿ ಶಾಂತಿ, ಹಸಿರು ಸಮೃದ್ಧಿ.
ಬಾಯಿಪಾಠ. ಮೂರಕ್ಕೆ ಮೂರು.

ಗಂಟೆ ಹೊಡೆದ ಮೇಲೆ ನಲ್ಲಿಯ ಹತ್ತಿರ
ಪಕ್ಕದ ಬೆಂಚಿನ ಹುಡುಗ, ಜಗಳಕ್ಕಲ್ಲ,
ಬುತ್ತಿ ಹಂಚುವವನ ಹಾಗೆ ಹೇಳಿದ:
ಮೇಲಿನದು ನಮ್ಮದು, ಕೆಳಗಿನದು ನಿಮ್ಮದು.
ನಡುವಿನದು?
ಅವನಿಗೂ ಗೊತ್ತಿರಲಿಲ್ಲ. ನೀರು ಕುಡಿದು ಹೋದ.

ನಮ್ಮ ನಾನಿ, ಹಾಜಿರಾಬಿ,
ಗೌರಿಬಿದನೂರಿನ ಬಣ್ಣದ ಮನೆಯ ಮಗಳು,
ಎಂಬತ್ತಾದರೂ ಉಗುರಿನ ಬುಡ ಬಿಡದ ನೀಲಿಯವಳು,
ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದಳು.
ನಾನು ಹೇಳಿದ್ದು ಕೇಳಿ ನಗಲಿಲ್ಲ, ಬೈಯಲಿಲ್ಲ.
‘ಹಸಿರು ಯಾವ ಗಿಡ ಕೊಡ್ತೈತೆ?’ ಅಂದಳು.
ಎಲ್ಲಾ ಗಿಡ, ಅಂದೆ.

‘ಯಾವುದೂ ಕೊಡಲ್ಲ ಬೇಟಾ.
ಎಲೆ ಅರೆದು ಬಟ್ಟೆಗೆ ಹಚ್ಚು, ನಾಳೆಗೆ ಸಗಣಿ ಬಣ್ಣ.
ಮೊದಲು ನೀಲಿ ಬಾನಿಯಲ್ಲಿ ಒಂದು ಮುಳುಗು.
ಎತ್ತಿದಾಗ ಹಸಿರು ಕಾಣ್ತೈತೆ, ನಂಬಬೇಡ,
ಗಾಳಿ ತಾಕಿದ್ರೆ ನೀಲಿಗೆ ತಿರುಗ್ತೈತೆ.
ಒಣಗಿಸಿ, ಆಮೇಲೆ ಅರಿಶಿನದ ಹಂಡೆಗೆ ಇನ್ನೊಂದು ಮುಳುಗು.
ಆವಾಗ ಹಸಿರು.
ಆ ಹುಡುಗನಿಗೆ ಹೇಳು,
ಅವರಮ್ಮ ಹೊಸಿಲಿಗೆ ಬಳಿಯೋ ಅರಿಶಿನಾನೇ ಅದು.’

ಕೇಸರಿಗೆ ಮುತ್ತುಗದ ಹೂ, ಚಿಟಿಕೆ ಪಟಿಕ.
ಬಿಸಿಲಿಗೆ ಮೊದಲು ಸೋಲುವುದು ಅದೇ ಅಂದಳು.
ಬಿಳಿ?
ಬಿಳಿಗೆ ಬಣ್ಣ ಬೇಡ, ರೆಟ್ಟೆ ಬೇಕು:
ಚೌಳುಮಣ್ಣಿನಲ್ಲಿ ಕುದಿಸಿ,
ಬತ್ತಿದ ಪಿನಾಕಿನಿಯಲ್ಲಿ ತಲಪರಿಗೆ ತೋಡಿ,
ಮರಳ ಮೇಲೆ ಹಾಸಿ, ಮೂರು ದಿನ
ಬಿಸಿಲು, ನೀರು, ಬಿಸಿಲು.
ಮೂರರಲ್ಲಿ ಕೂಲಿ ಜಾಸ್ತಿ ಅದಕ್ಕೇ.

ಮೂವತ್ತೆಂಟರ ಬೇಸಿಗೆ.
ಬಾವುಟ ಹಾರಿಸಕೂಡದೆಂದು ಸರ್ಕಾರದ ಹುಕುಂ.
ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲಿಗೆ
ಖಾದಿಯ ಗಂಟು ಹೊತ್ತು ಬಂದವನು ಸೊಣ್ಣಪ್ಪ:
ಒಂಬತ್ತು ಬೇಕು, ವಿದುರಾಶ್ವತ್ಥಕ್ಕೆ.
ಮುಂಗಡ ಒಂದು ರೂಪಾಯಿ, ಬಾಕಿ ಆರಾಣೆ.
ನಾನಿಯ ಅಪ್ಪ ಮಸ್ತಾನ್ ಸಾಬ್ ಬರೆದುಕೊಂಡ.
ಹದಿನಾಲ್ಕರ ಹುಡುಗಿ ಪಟ್ಟಿ ಪಟ್ಟಿ ಜೋಡಿಸಿ ಹೊಲಿದಳು,
ಅವಳಣ್ಣ ನಡುವೆ ಚರಕ ಬರೆದ, ಹರಳೆಣ್ಣೆ ದೀಪದಲ್ಲಿ.

ಒಂಬತ್ತನೆಯದಕ್ಕೆ ನಿದ್ದೆ ಬಂದಿರಬೇಕು.
ಚರಕ ತಲೆಕೆಳಗು.
ಹಸಿರು ಮೇಲೆ ಮಾಡಿದರೆ ಚರಕ ಸರಿ, ಬಾವುಟ ತಪ್ಪು.
ಸೊಣ್ಣಪ್ಪ ನಕ್ಕು ಎಂಟು ಒಯ್ದ.
ಇನ್ನೊಂದು ಬರೆದಿಡಿ, ಬಾಕಿ ಕೊಡಲು ಬಂದಾಗ ಒಯ್ಯುತ್ತೇನೆ.

ಅರಳಿಮರದ ಕೆಳಗೆ, ನಾಗರಕಲ್ಲುಗಳ ನಡುವೆ
ಗುಂಡು ಹಾರಿದ ಆ ದಿನದ ಬಗ್ಗೆ
ನಾನಿ ಹೇಳಿದ್ದು ಒಂದೇ ಮಾತು:
ಬಾಕಿ ಕೊಡಲು ಸೊಣ್ಣಪ್ಪ ಬರಲಿಲ್ಲ.
ಲೆಕ್ಕದ ಪುಸ್ತಕದಲ್ಲಿ ಅವನ ಸಾಲಿಗೆ
ಯಾರೂ ಅಡ್ಡಗೆರೆ ಎಳೆದಿಲ್ಲ. ನಾನು ನೋಡಿದ್ದೇನೆ.

ಆಮೇಲೆ ದೇಶ ಚರಕ ಬಿಟ್ಟು ಚಕ್ರ ಇಟ್ಟಿತು.
ಇಪ್ಪತ್ತನಾಲ್ಕು ಕಡ್ಡಿ. ತಲೆಯಿಲ್ಲ, ಬುಡವಿಲ್ಲ,
ಆ ಮಗ್ಗುಲಿಂದ ನೋಡಿದರೂ ಅದೇ, ಈ ಮಗ್ಗುಲಿಂದಲೂ ಅದೇ.
‘ಆವಾಗ್ಲೇ ಚಕ್ರ ಇದ್ದಿದ್ರೆ
ಅಣ್ಣನಿಗೆ ತಪ್ಪೋದಕ್ಕೇ ಬರ್ತಿರಲಿಲ್ಲ,
ಒಂಬತ್ತೂ ಹೋಗಿರೋವು.’

ಈಗ ಪ್ರಶ್ನೆಪತ್ರಿಕೆ ಮಾಡುವವಳು ನಾನು.
ಅದೇ ಪ್ರಶ್ನೆ, ಅದೇ ಉತ್ತರ; ಮಕ್ಕಳ ಅಂಕ ಕಳೆಯಬಾರದು.
ಈ ಸಲ ಮಾತ್ರ, ಬೆಲ್ಲಿಗೆ ಹತ್ತು ನಿಮಿಷ ಇರುವಾಗ,
ನಾನಿಯ ಟ್ರಂಕಿನದನ್ನು ಮೇಜಿನ ಮೇಲೆ ಬಿಚ್ಚಿದೆ.
ಕೇಸರಿ ಹಾಲು ಜಾಸ್ತಿಯಾದ ಚಹಾ.
ಚರಕದ ಮೇಲೆ ಹುಳ ತಿಂದ ಮೂರು ತೂತು.
ಕೊನೆಯ ಬೆಂಚಿನಿಂದ ಎದ್ದು ಬಂದವಳು ಕೇಳಿದಳು:
ಮಿಸ್, ಇದರಲ್ಲಿ ಹಸಿರೇ ಇಲ್ಲವಲ್ಲ?

ಕೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟೆ. ಬರೀ ನೀಲಿ.
ಆಮೇಲೆ ಬೆರಳನ್ನು ಮೇಲೆ ಸರಿಸಿದೆ,
ಮಡಿಕೆಯಲ್ಲಿ ಇಷ್ಟು ವರ್ಷ ಒತ್ತಿಕೊಂಡು ಮಲಗಿ
ಬಿಳಿಗೆ ಹತ್ತಿದ್ದ
ಆ ತೆಳು ಅರಿಶಿನದ ಗೆರೆಗೆ.